ಕೈಯಲ್ಲೇ ಮಾಡುವ ದೀಪಕ್ಕೆ ಬಿದಿರೋ, ಬೆತ್ತವೋ, ಕಾಗದವೋ, ಕರಟವೋ?

ದೀಪ ಮಾಡಲು ಹೊರಟವರು ಸಾಮಾನ್ಯವಾಗಿ ಸಾಮಗ್ರಿಯಿಂದ ಶುರುಮಾಡುತ್ತಾರೆ. ಬೆತ್ತ ಚೆನ್ನಾಗಿ ಕಂಡಿತು, ಬೆತ್ತ ತಂದರು. ಕರಟ ಸಿಕ್ಕಿತು, ಕರಟ ಕೊರೆದರು. ಎಲ್ಲ ಮುಗಿದು ಬಲ್ಬ್ ಹಾಕಿದ ಮೇಲೆ ಗೊತ್ತಾಗುತ್ತದೆ: ಊಟದ ಮೇಜಿನ ಮೇಲೆ ತೂಗಿಸಿದ ದೀಪದಿಂದ ತಟ್ಟೆಗೆ ಬೆಳಕೇ ಬೀಳುತ್ತಿಲ್ಲ, ಇಲ್ಲವೇ ಕುಳಿತವರ ಕಣ್ಣಿಗೆ ಬಲ್ಬ್ ನೇರವಾಗಿ ಕುಕ್ಕುತ್ತಿದೆ. ಈ ಕ್ರಮವನ್ನೇ ತಿರುವಿ ಹಾಕಬೇಕು. ಬೆಳಕು ಎಲ್ಲಿಗೆ ಬೀಳಬೇಕು ಎಂಬುದು ಮೊದಲು, ಬಲ್ಬ್ ಆಮೇಲೆ, ತೂಕ ಅದರ ನಂತರ, ಸಾಮಗ್ರಿ ಕೊನೆಗೆ.

ಮನೆಯ ದೀಪಕ್ಕೆ ಇರುವ ಕೆಲಸ ಮೂರೇ ಬಗೆಯದು. ಬೆಳಕನ್ನು ಕೆಳಗೆ ಒಂದು ಜಾಗಕ್ಕೆ ಸುರಿಯುವುದು, ಉದಾಹರಣೆಗೆ ಮೇಜು ಅಥವಾ ಓದುವ ಮೂಲೆಗೆ. ಇಲ್ಲವೇ ತಾನೇ ಮಂದವಾಗಿ ಬೆಳಗಿ ಕೋಣೆಯನ್ನು ತುಂಬುವುದು. ಇಲ್ಲವೇ ಗೋಡೆಯ ಮೇಲೆ ನೆರಳಿನ ಚಿತ್ತಾರ ಮೂಡಿಸುವುದು. ಮೊದಲನೆಯದಕ್ಕೆ ಬೆಳಕು ದಾಟದ ಮೈ ಮತ್ತು ಕೆಳಗೆ ಅಗಲ ಬಾಯಿ ಬೇಕು: ಮಣ್ಣು, ಒತ್ತಾಗಿ ಹೆಣೆದ ಬೆತ್ತ, ದಪ್ಪ ಬಿದಿರು. ಎರಡನೆಯದಕ್ಕೆ ಬೆಳಕು ಸೋಸಿ ಬರುವ ಮೈ ಬೇಕು: ಕೈಕಾಗದ, ಮರದ ತೆಳು ಹಾಳೆಯಾದ ವೆನೀರ್. ಮೂರನೆಯದಕ್ಕೆ ತೂತು ಅಥವಾ ಕಣ್ಣುಗಳಿರುವ ಮೈ: ಕರಟ, ಸೋರೆ ಬುರುಡೆ, ಬಿಡಿಯಾಗಿ ಹೆಣೆದ ಬಿದಿರು. ಒಂದೇ ದೀಪದಿಂದ ಮೂರನ್ನೂ ಕೇಳಿದರೆ ಯಾವುದೂ ಸರಿಯಾಗಿ ಬರುವುದಿಲ್ಲ.

ಮೊದಲು ಬಲ್ಬ್

ನೈಸರ್ಗಿಕ ಸಾಮಗ್ರಿಯ ದೀಪಕ್ಕೆ ಎಲ್‌ಇಡಿ ಬಿಟ್ಟು ಬೇರೆ ಬಲ್ಬ್ ಹಾಕಬಾರದು. ಈ ಒಂದು ಮಾತಿನಲ್ಲಿ ಚರ್ಚೆಗೆ ಎಡೆಯಿಲ್ಲ. 60 ವ್ಯಾಟ್‌ನ ಹಳೆಯ ತಂತಿ ಬಲ್ಬ್ ಕೊಡುವ ಸುಮಾರು 800 ಲ್ಯೂಮೆನ್ ಬೆಳಕನ್ನು 8–9 ವ್ಯಾಟ್‌ನ ಎಲ್‌ಇಡಿ ಕೊಡುತ್ತದೆ. ತಂತಿ ಬಲ್ಬ್‌ನ ಗಾಜು 100 ಡಿಗ್ರಿ ಸೆಲ್ಸಿಯಸ್ ದಾಟಿ ಕಾಯುತ್ತದೆ. ಕಾಗದವೋ ನಾರೋ ತಾಗಿ ಗಾಳಿ ಕಟ್ಟಿದರೆ ಇನ್ನಷ್ಟು ಏರುತ್ತದೆ. ಕಾಗದ ಹೊತ್ತಿಕೊಳ್ಳುವುದು ಸುಮಾರು 230 ಡಿಗ್ರಿಯಲ್ಲಿ. ಆದರೆ ಅದಕ್ಕಿಂತ ಬಹಳ ಮೊದಲೇ ಕಂದು ತಿರುಗಿ, ಗರಿಗರಿಯಾಗಿ, ಪುಡಿಯಾಗಲು ಶುರುವಾಗುತ್ತದೆ.

ಎಲ್‌ಇಡಿ ಬಿಸಿಯಾಗುವುದೇ ಇಲ್ಲ ಎಂದುಕೊಳ್ಳುವುದೂ ತಪ್ಪು. ಅದರ ಗುಂಡು ತಣ್ಣಗಿರುತ್ತದೆ, ಬುಡ ಕಾಯುತ್ತದೆ, ಏಕೆಂದರೆ ವಿದ್ಯುತ್ತನ್ನು ಪರಿವರ್ತಿಸುವ ಸರ್ಕ್ಯೂಟ್ ಇರುವುದು ಅಲ್ಲೇ. ಬಲ್ಬನ್ನು ತಲೆಕೆಳಗಾಗಿ, ಮೇಲೆ ಮುಚ್ಚಿದ ಶೇಡ್‌ನೊಳಗೆ ತೂಗಿಸಿದರೆ ಬಿಸಿಗಾಳಿ ಮೇಲೇರಿ ಸರಿಯಾಗಿ ಆ ಬುಡದ ಸುತ್ತಲೇ ನಿಲ್ಲುತ್ತದೆ. ಬೆಂಕಿಯ ಭಯ ಕಡಿಮೆ, ಆದರೆ ವರ್ಷಗಟ್ಟಲೆ ಬಾಳಬೇಕಾದ ಬಲ್ಬ್ ಕೆಲವೇ ತಿಂಗಳಲ್ಲಿ ಮಿನುಗತೊಡಗುತ್ತದೆ. ಹಾಗಾಗಿ ಯಾವ ಸಾಮಗ್ರಿಯಾದರೂ ಮೇಲೊಂದು ಕೆಳಗೊಂದು ದಾರಿ ಗಾಳಿಗೆ ಬಿಡಿ. 9 ವ್ಯಾಟ್‌ವರೆಗಿನ ಬಲ್ಬ್‌ಗೆ ಪಕ್ಕದಲ್ಲಿ ಕನಿಷ್ಠ 5 ಸೆಂ.ಮೀ. ಜಾಗ ಇರಲಿ.

ಬೆಳಕಿನ ಬಣ್ಣದ ವಿಷಯಕ್ಕೆ ಬಂದರೆ, ಅದರ ಅಳತೆ ಕೆಲ್ವಿನ್, ಅಂಕಿ ಇಳಿದಷ್ಟೂ ಬೆಳಕು ಹಳದಿ. 6500 ಕೆಲ್ವಿನ್‌ನ ಬಿಳಿಚು ಬೆಳಕಿನಲ್ಲಿ ಬೆತ್ತ, ಬಿದಿರು, ಸೆಣಬು ಮೂರೂ ಬೂದಿ ಬಳಿದಂತೆ ಕಾಣುತ್ತವೆ. 2700 ಅಥವಾ 3000 ಕೆಲ್ವಿನ್ ತೆಗೆದುಕೊಳ್ಳಿ. ವೆನೀರ್ ಮಾತ್ರ ಇದಕ್ಕೆ ಹೊರತು. ಮರವೇ ಬೆಳಕನ್ನು ಕೆಂಪಗೆ ಮಾಡುವುದರಿಂದ 2700 ಕೆಲ್ವಿನ್ ಬಲ್ಬ್ ಅದರೊಳಗೆ ಕಿತ್ತಳೆಯಾಗಿಬಿಡುತ್ತದೆ. ಅಲ್ಲಿ 3000–4000 ಸರಿ. ಇನ್ನು ಹಾಲುಗಾಜೋ ತಿಳಿಗಾಜೋ ಎಂಬ ಪ್ರಶ್ನೆ. ಕಾಗದ, ವೆನೀರ್, ಹೆಣಿಗೆಯ ತೂಗುದೀಪಕ್ಕೆ ಹಾಲುಗಾಜು. ನೆರಳಿನ ಚಿತ್ತಾರ ಬೇಕಾದರೆ ಬೆಳಕಿನ ಮೂಲ ಚಿಕ್ಕದಾದಷ್ಟೂ ನೆರಳಿನ ಅಂಚು ಚೂಪಾಗುತ್ತದೆ. ಕಷ್ಟಪಟ್ಟು ಮುನ್ನೂರು ತೂತು ಕೊರೆದ ಬುರುಡೆಯೊಳಗೆ ದೊಡ್ಡ ಹಾಲುಗಾಜಿನ ಬಲ್ಬ್ ಹಾಕಿದರೆ ಗೋಡೆಯ ಮೇಲೆ ಮೂಡುವುದು ಬರೀ ಮಬ್ಬು ಕಲೆ. ಅಲ್ಲಿಗೆ ಚಿಕ್ಕ, ತಿಳಿಗಾಜಿನ ಬಲ್ಬ್ ಬೇಕು.

ಹೋಲ್ಡರ್ ಅನ್ನು ಶೇಡ್‌ಗಿಂತ ಮೊದಲೇ ತಂದಿಟ್ಟುಕೊಳ್ಳಿ. ಪಿನ್ ಸಿಕ್ಕಿಸುವ ಬಿ22, ಮರೆ (ತಿರುಪಿನ ಸುರುಳಿ ಗೀರು) ತಿರುಗಿಸುವ ಇ27, ಅದರದೇ ಚಿಕ್ಕ ರೂಪ ಇ14, ಇವು ಮೂರರ ಹೊರ ಅಳತೆ ಬೇರೆ ಬೇರೆ. ಶೇಡ್‌ನ ತೂತಿನ ಅಳತೆಯನ್ನು ಕೈಯಲ್ಲಿರುವ ಹೋಲ್ಡರ್‌ನಿಂದಲೇ ತೆಗೆಯಿರಿ.

ಬಿದಿರು ಮತ್ತು ಬೆತ್ತ

ನೋಡಲು ಅಣ್ಣತಮ್ಮಂದಿರಂತಿದ್ದರೂ ಕೈಗೆ ಬಂದಾಗ ಇವೆರಡರ ಗುಣವೇ ಬೇರೆ. ಬಿದಿರು ಟೊಳ್ಳು, ಗಟ್ಟಿ, ಸೀಳಲು ಬರುತ್ತದೆ, ನೆಟ್ಟಗೆ ನಿಲ್ಲುತ್ತದೆ. ಬೆತ್ತ ಒಳಗೆ ತುಂಬಿದ್ದು, ನೀರು ಕುಡಿದರೆ ಹಗ್ಗದ ಹಾಗೆ ಬಳುಕುತ್ತದೆ, ಒಣಗಿದಾಗ ಕೊಟ್ಟ ಆಕಾರದಲ್ಲೇ ನಿಲ್ಲುತ್ತದೆ. ನೇರ ಗೆರೆ, ಮೂಲೆ, ಚೌಕಟ್ಟು ಬೇಕಾದರೆ ಬಿದಿರು. ಗುಂಡು, ಗಂಟೆ, ಕುಂಬಳಕಾಯಿಯಂಥ ಆಕಾರಕ್ಕೆ ಬೆತ್ತ. ಮೊದಲ ಸಲ ಮಾಡುವವರಿಗೆ ಬೆತ್ತವೇ ಮೇಲು. ತಪ್ಪಿದ ಸಾಲನ್ನು ಬಿಚ್ಚಿ, ನೆನೆಸಿ, ಮತ್ತೆ ಹೆಣೆಯಬಹುದು. ತಪ್ಪಾಗಿ ಸೀಳಿದ ಬಿದಿರನ್ನು ಕೂಡಿಸಲಾಗದು.

ಬಿದಿರು ಆರಿಸುವಾಗ 3–5 ವರ್ಷ ಬಲಿತದ್ದನ್ನೇ ತೆಗೆದುಕೊಳ್ಳಿ. ಮೊದಲ ವರ್ಷದ ಎಳೆ ಬಿದಿರು ಒಣಗುವಾಗ ಸುಕ್ಕುಗಟ್ಟಿ ಕುಗ್ಗುತ್ತದೆ. ಗೆಣ್ಣುಗಳ ನಡುವೆ ಉದ್ದ ಅಂತರ ಇರುವುದು ಸೀಳಲು ಸುಲಭ, ಏಕೆಂದರೆ ಕತ್ತಿ ದಾರಿ ತಪ್ಪುವುದು ಹೆಚ್ಚಾಗಿ ಗೆಣ್ಣಿನಲ್ಲೇ. ಸೀಳುವಾಗ ಪ್ರತಿಸಲವೂ ಸರಿ ಅರ್ಧಕ್ಕೆ ಸೀಳಬೇಕು: ಎರಡು, ನಾಲ್ಕು, ಎಂಟು. ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು ಆದರೆ ಬಿರುಕು ತೆಳುವಿನ ಕಡೆಗೇ ಓಡುತ್ತದೆ. ಆಗ ದಪ್ಪ ಭಾಗವನ್ನು ಹೆಚ್ಚು ಬಾಗಿಸಿ ಎಳೆದರೆ ಬಿರುಕು ನಡುವಿಗೆ ಮರಳುತ್ತದೆ. ಹೆಣಿಗೆಗೆ 6–10 ಮಿ.ಮೀ. ಅಗಲ, 1 ಮಿ.ಮೀ. ದಪ್ಪದ ಸೀಳು ಸಾಕು. ಬಲವೆಲ್ಲ ಹೊರಪದರದಲ್ಲಿದೆ, ಒಳಗಿನ ಬಿಳಿ ಮೆತ್ತನೆಯ ಭಾಗವನ್ನು ಕೆತ್ತಿ ಬಿಸಾಡಿ. ಆದರೆ ಹೊರಗಿನ ಹೊಳಪಿನ ಸಿಪ್ಪೆಗೆ ಬಣ್ಣವಾಗಲಿ ವಾರ್ನಿಷ್ ಆಗಲಿ ಹಿಡಿಯುವುದಿಲ್ಲ. ಬಣ್ಣ ಹಚ್ಚುವುದಿದ್ದರೆ ಅದನ್ನು ಮೊದಲೇ ಹೆರೆಯಬೇಕು.

ಬಿದಿರಿನ ನಿಜವಾದ ಶತ್ರು ಕುಟ್ಟೆ ಹುಳು. ಬಿದಿರಿನಲ್ಲಿರುವ ಪಿಷ್ಟಕ್ಕಾಗಿ ಬರುತ್ತದೆ, ಒಳಗೇ ಕೊರೆಯುತ್ತದೆ. ದೀಪದ ಕೆಳಗೆ ಹಿಟ್ಟಿನಂಥ ಹಳದಿ ಪುಡಿ ಕಂಡಾಗ ತಡವಾಗಿರುತ್ತದೆ. ಮದ್ದು ಸುಲಭ: ಒಂದು ಲೀಟರ್ ಬಿಸಿನೀರಿಗೆ 20 ಗ್ರಾಂ ಬೋರಿಕ್ ಆಮ್ಲ, 30 ಗ್ರಾಂ ಬೋರಾಕ್ಸ್ ಕರಗಿಸಿ, ಒಣಗಿದ ಸೀಳುಗಳನ್ನು ಒಂದು ದಿನ ಪೂರ್ತಿ ಮುಳುಗಿಸಿಟ್ಟು, ನೆರಳಲ್ಲಿ ಒಣಗಿಸಿ. ಕೈಗವಸು ಹಾಕಿಕೊಳ್ಳಿ, ದ್ರಾವಣವನ್ನು ಮಕ್ಕಳ ಕೈಗೆ, ಅಡುಗೆ ಪಾತ್ರೆಗೆ ತಾಗಿಸಬೇಡಿ. ಇಲ್ಲೊಂದು ಸೂಕ್ಷ್ಮವಿದೆ. ಬೋರಾಕ್ಸ್ ನೀರಿನಲ್ಲಿ ಬಂದ ದಾರಿಯಲ್ಲೇ ನೀರಿನಲ್ಲಿ ಹೋಗುತ್ತದೆ. ಮದ್ದು ಕೊಟ್ಟ ಸೀಳನ್ನು ಹೆಣೆಯುವ ಮುಂಚೆ ಬರಿನೀರಲ್ಲಿ ನೆನೆಸಿದರೆ ಅರ್ಧ ಮದ್ದು ತೊಳೆದುಹೋಗುತ್ತದೆ. ನೆನೆಸುವುದಿದ್ದರೆ ಅದೇ ದ್ರಾವಣದಲ್ಲಿ ನೆನೆಸಿ.

ಬೆತ್ತದಲ್ಲಿ ಎರಡು ಬಗೆ ಸಿಗುತ್ತದೆ: ಸಿಪ್ಪೆಯಿರುವ ಹೊಳಪಿನದು, ಸಿಪ್ಪೆ ತೆಗೆದ ಒಳತಿರುಳಿನದು. ದೀಪಕ್ಕೆ ತಿರುಳೇ ಒಳ್ಳೆಯದು. ನೀರನ್ನೂ ಬಣ್ಣವನ್ನೂ ಚೆನ್ನಾಗಿ ಹೀರುತ್ತದೆ. 30 ಸೆಂ.ಮೀ. ಅಡ್ಡಳತೆ, 25 ಸೆಂ.ಮೀ. ಎತ್ತರದ ಶೇಡ್‌ನ ಲೆಕ್ಕ ಹೀಗೆ. ಸುತ್ತಳತೆ ಸುಮಾರು 94 ಸೆಂ.ಮೀ. ಮೂರೂವರೆ ಸೆಂ.ಮೀ.ಗೊಂದು ನಿಲುಗಡ್ಡಿ (ನೆಟ್ಟಗೆ ನಿಲ್ಲುವ ಕಡ್ಡಿ) ಎಂದರೆ 27 ಕಡ್ಡಿ. ಮೇಲೂ ಕೆಳಗೂ ಅಂಚು ಮಡಿಸಲು ತಲಾ 15 ಸೆಂ.ಮೀ. ಸೇರಿಸಿ 55 ಸೆಂ.ಮೀ. ಉದ್ದಕ್ಕೆ ಕತ್ತರಿಸಿದರೆ 3 ಮಿ.ಮೀ. ಬೆತ್ತ 15 ಮೀಟರ್ ಬೇಕು. ಹೆಣೆಯುವ 2.5 ಮಿ.ಮೀ. ಬೆತ್ತ ಒತ್ತು ಹೆಣಿಗೆಗೆ 100 ಮೀಟರ್, ಅರ್ಧ ಬಿಡಿಯಾದ ಹೆಣಿಗೆಗೆ 50 ಮೀಟರ್. ಒಟ್ಟು ತೂಕ ಅರ್ಧ ಕಿಲೋ ಮುಟ್ಟುವುದಿಲ್ಲ. ನಿಲುಗಡ್ಡಿಗಳ ಸಂಖ್ಯೆ ಬೆಸವೇ ಇರಬೇಕು. ಒಂದರ ಮೇಲೆ ಒಂದರ ಕೆಳಗೆ ಹೋಗುವ ಸಾದಾ ಹೆಣಿಗೆಯಲ್ಲಿ ಸಂಖ್ಯೆ ಸಮವಾದರೆ ಎರಡನೇ ಸುತ್ತು ಮೊದಲನೆಯದರ ಪಡಿಯಚ್ಚಾಗಿ ಬಂದು ಹೆಣಿಗೆ ಹಿಡಿಯುವುದೇ ಇಲ್ಲ.

ತೆಳು ಬೆತ್ತಕ್ಕೆ ಉಗುರುಬೆಚ್ಚನೆಯ ನೀರಿನಲ್ಲಿ 20–30 ನಿಮಿಷ ಸಾಕು. ಗಂಟೆಗಟ್ಟಲೆ ಬಿಟ್ಟರೆ ನಾರು ಎದ್ದು, ಬೂದು ಬಣ್ಣ ತಿರುಗುತ್ತದೆ. ಒದ್ದೆ ಬೆತ್ತ ಉಬ್ಬಿರುತ್ತದೆ, ಒಣಗಿದಾಗ ಸಣ್ಣಗಾಗಿ ಸಾಲುಗಳ ನಡುವೆ ಸಂದು ಬೀಳುತ್ತದೆ. ಆದ್ದರಿಂದ ನಾಲ್ಕೈದು ಸಾಲಿಗೊಮ್ಮೆ ಬಡಿದು ಕೂರಿಸುತ್ತ ಹೋಗಿ. ಮುಗಿದ ಮೇಲೆ ಮೂರು ನಾಲ್ಕು ದಿನ ಗಾಳಿಯಲ್ಲಿ ಬಿಡದೆ ವಾರ್ನಿಷ್ ಬಳಿದರೆ ಒಳಗುಳಿದ ತೇವದಿಂದ ಕಪ್ಪು ಬೂಷ್ಟು ಏಳುತ್ತದೆ, ಅದು ಮತ್ತೆ ಹೋಗುವುದಿಲ್ಲ.

ಕಾಗದ ಮತ್ತು ವೆನೀರ್

ಬೆಳಕಿನ ಗುಣವೊಂದನ್ನೇ ನೋಡಿದರೆ ಕಾಗದವನ್ನು ಮೀರಿಸುವ ಸಾಮಗ್ರಿ ಇಲ್ಲ. ಜಪಾನಿನ ಗಿಫು ಊರಿನ ಲಾಟೀನು ಕುಶಲಕರ್ಮಿಗಳ ಜೊತೆ ಸೇರಿ ಶಿಲ್ಪಿ ಇಸಾಮು ನೊಗುಚಿ 1951ರಲ್ಲಿ ಶುರುಮಾಡಿದ ಅಕಾರಿ ದೀಪಗಳು ಇಂದಿಗೂ ತಯಾರಾಗುತ್ತಿವೆ. ಹಿಪ್ಪುನೇರಳೆ ಜಾತಿಯ ಗಿಡದ ತೊಗಟೆಯ ಕಾಗದ, ಬಿದಿರಿನ ಪಕ್ಕೆಲುಬು, ಅಷ್ಟೇ. ಗುಟ್ಟು ಇರುವುದು ಉದ್ದ ನಾರಿನಲ್ಲಿ. ಮಾಮೂಲಿ ಬರೆಯುವ ಕಾಗದದ ನಾರು ಗಿಡ್ಡ, ಒದ್ದೆಯಾದರೆ ಹರಿಯುತ್ತದೆ. ತೊಗಟೆ ನಾರಿನ ಕೈಕಾಗದ ತೆಳುವಾಗಿದ್ದರೂ ಎಳೆತ ತಾಳುತ್ತದೆ. ಚದರ ಮೀಟರಿಗೆ 30–60 ಗ್ರಾಂ ತೂಕದ್ದನ್ನು ಆರಿಸಿ.

ಅಂಟು ಮನೆಯಲ್ಲೇ ಆಗುತ್ತದೆ: ಒಂದು ಪಾಲು ಮೈದಾ, ಐದಾರು ಪಾಲು ನೀರು, ಗಂಟಿಲ್ಲದಂತೆ ಕಾಯಿಸಿ ಆರಿಸಿದ್ದು. ಅಂಟನ್ನು ಕಾಗದಕ್ಕಲ್ಲ, ಪಕ್ಕೆಲುಬಿಗೆ ಹಚ್ಚಿ. ಕಾಗದವನ್ನು ಕತ್ತರಿಸುವ ಬದಲು ಒದ್ದೆ ಗೆರೆ ಎಳೆದು ಹರಿದರೆ ಅಂಚಿನಲ್ಲಿ ನಾರು ಸಡಿಲವಾಗಿ ಉಳಿದು, ಜೋಡಿಸಿದ ಜಾಗ ಬೆಳಕಿನಲ್ಲಿ ಎದ್ದು ಕಾಣುವುದಿಲ್ಲ. ಜೋಡಣೆ ಪಕ್ಕೆಲುಬಿನ ಮೇಲೆಯೇ ಬರಲಿ, 8–10 ಮಿ.ಮೀ. ಒಂದರ ಮೇಲೊಂದು. ಎಲ್ಲ ಒಣಗಿದ ಮೇಲೆ ಸಣ್ಣಗೆ ನೀರು ಸಿಂಪಡಿಸಿದರೆ ಕಾಗದ ಮತ್ತೊಮ್ಮೆ ಕುಗ್ಗಿ ಮದ್ದಳೆಯ ಚರ್ಮದಂತೆ ಬಿಗಿಯಾಗುತ್ತದೆ. ಈ ಎಳೆತ ಸಾಮಾನ್ಯದ್ದಲ್ಲ. 2 ಮಿ.ಮೀ. ಸಲಾಕೆಯ ಚೌಕಟ್ಟು ರಾತ್ರಿ ಕಳೆಯುವಷ್ಟರಲ್ಲಿ ಸೊಟ್ಟಗಾಗಿರುತ್ತದೆ. ಪಕ್ಕೆಲುಬು 3–4 ಮಿ.ಮೀ. ಇರಲಿ.

ಕಾಗದ ಬೇಡವೆನ್ನಬೇಕಾದ ಜಾಗಗಳೂ ಇವೆ. ಅಡುಗೆ ಒಲೆಯ ಹತ್ತಿರ ಜಿಡ್ಡು ಕೂರುತ್ತದೆ, ಒರೆಸಲು ಬರುವುದಿಲ್ಲ. ತೇವದ ಕೋಣೆಯಲ್ಲಿ ಮೈದಾ ಅಂಟಿಗೆ ಬೂಷ್ಟು ಹಿಡಿಯುತ್ತದೆ, ಬೆಳ್ಳಿಮೀನು ಹುಳು ಆ ಅಂಟನ್ನೇ ತಿನ್ನುತ್ತದೆ. ಅಂಥ ಕಡೆ ವೆನೀರ್ ಒಳ್ಳೆಯದು. 0.5–0.6 ಮಿ.ಮೀ. ದಪ್ಪದ ತಿಳಿಬಣ್ಣದ ವೆನೀರ್ ಬೆಳಕು ಹಾಯಿಸಿದಾಗ ಜೇನಿನ ಬಣ್ಣಕ್ಕೆ ತಿರುಗುತ್ತದೆ, ಒದ್ದೆ ಬಟ್ಟೆಯಲ್ಲಿ ಒರೆಸಬಹುದು. ಕೊಳ್ಳುವ ಮುಂಚೆ ತುಣುಕನ್ನು ಉರಿಯುವ ಬಲ್ಬ್‌ಗೆ ಅಡ್ಡ ಹಿಡಿದು ನೋಡಿ, ಹಗಲಿನಲ್ಲಿ ಕಾಣುವ ಬಣ್ಣಕ್ಕೂ ಇದಕ್ಕೂ ಸಂಬಂಧವಿರುವುದಿಲ್ಲ. ಕೊಳವೆಯಾಗಿ ಸುತ್ತುವಾಗ ಮರದ ಗೆರೆ ಕೊಳವೆಯ ಎತ್ತರದ ಉದ್ದಕ್ಕೆ ಇರಬೇಕು. ಗೆರೆಗೆ ಅಡ್ಡಲಾಗಿ ಮಡಿಸಲು ಹೋದರೆ ಲಟಕ್ಕೆಂದು ಮುರಿಯುತ್ತದೆ. ಆದರೆ ಅದೇ ಗೆರೆಯ ಉದ್ದಕ್ಕೂ ವೆನೀರ್ ಸೀಳುವುದು ಸಲೀಸು, ಆದ್ದರಿಂದ ಒಳಮೈಗೆ ತೆಳು ಕಾಗದವನ್ನೋ ಬಟ್ಟೆಯನ್ನೋ ಅಂಟಿಸಿಕೊಳ್ಳಿ.

ದಾರದ ಚೆಂಡು

ಬಲೂನಿಗೆ ಗೋಂದಿನ ದಾರ ಸುತ್ತಿ ಮಾಡುವ ಗುಂಡು ದೀಪವನ್ನು ಎಲ್ಲರೂ ಮೊದಲು ಪ್ರಯತ್ನಿಸುತ್ತಾರೆ, ಸಾಮಾನು ಕಡಿಮೆ ಎಂಬ ಕಾರಣಕ್ಕೆ. ನಮ್ಮ ಲೆಕ್ಕದಲ್ಲಿ ಇದು ಎಲ್ಲಕ್ಕಿಂತ ಅಲ್ಪಾಯುಷಿ. ಮರಗೆಲಸದ ಬಿಳಿ ಗೋಂದು ತೇವಕ್ಕೆ ಮೆತ್ತಗಾಗುತ್ತದೆ, ಹೋಲ್ಡರ್ ತೂಗುವ ಮೇಲ್ಭಾಗ ಮೆಲ್ಲನೆ ಕುಸಿಯುತ್ತದೆ. ಮಾಡುವುದೇ ಆದರೆ ಮೇಲ್ಬಾಯಿಗೆ ಲೋಹದ ಬಳೆ ಕೂರಿಸಿ ಸುತ್ತಿ. 30 ಸೆಂ.ಮೀ. ಬಲೂನಿನ ಅರ್ಧ ಮೈ ಮುಚ್ಚಲು 2 ಮಿ.ಮೀ. ಸೆಣಬಿನ ದಾರ ಸುಮಾರು 70 ಮೀಟರ್ ಬೇಕು. ಬಲೂನಿಗೆ ಮೊದಲು ವ್ಯಾಸಲೀನ್ ಸವರಿ, ಬಲ್ಬ್ ಜೊತೆ ಕೈ ಒಳಹೋಗುವಂತೆ 10–12 ಸೆಂ.ಮೀ. ಬಾಯಿ ಗುರುತು ಹಾಕಿಕೊಳ್ಳಿ. ಬಿಸಿಲಲ್ಲಿ ಊದಿದ ಬಲೂನು ರಾತ್ರಿಯ ತಂಪಿಗೆ ಕುಗ್ಗಿ ಹಸಿ ದಾರವನ್ನು ಒಳಗೆ ಎಳೆದುಕೊಳ್ಳುತ್ತದೆ, ಹಾಗಾಗಿ ಒಂದೇ ಹದದ ಕೋಣೆಯಲ್ಲಿಡಿ. ಎರಡು ದಿನ ಒಣಗಿಸಿ, ಸೂಜಿಯಿಂದ ಗಾಳಿಯನ್ನು ನಿಧಾನವಾಗಿ ಬಿಡಿ. ಫಟ್ಟೆಂದು ಒಡೆದರೆ ಅಂಟಿಕೊಂಡ ರಬ್ಬರು ದಾರವನ್ನೂ ಕಿತ್ತುಕೊಂಡು ಬರುತ್ತದೆ. ತೆಂಗಿನ ನಾರಿನ ಹಗ್ಗ ಈ ಕೆಲಸಕ್ಕೆ ಆಗದು. ಬಿರುಸು ಜಾಸ್ತಿ, ಮೈತುಂಬ ಮುಳ್ಳುನಾರು, ಅದರಲ್ಲಿ ಧೂಳು.

ಕರಟ, ಬುರುಡೆ, ಮಣ್ಣು

ಕರಟದ ಅಡ್ಡಳತೆ ಹೆಚ್ಚೆಂದರೆ 12 ಸೆಂ.ಮೀ. ಆಸುಪಾಸು. ಪಕ್ಕದಲ್ಲಿ ಜಾಗವಿಲ್ಲದ ಕಾರಣ 2–3 ವ್ಯಾಟ್‌ನ ಚಿಕ್ಕ ಎಲ್‌ಇಡಿ, ಇ14 ಹೋಲ್ಡರ್ ಬಿಟ್ಟು ಬೇರೇನೂ ಕೂರುವುದಿಲ್ಲ. ಅಂದರೆ ಇದು ರಾತ್ರಿದೀಪ, ಗೋಡೆಯ ಅಲಂಕಾರ, ಓದುವ ದೀಪವಲ್ಲ. ಹೊರನಾರನ್ನು ಚಾಕುವಿನಿಂದ ಕೆರೆದು 80, 150, 240, 400 ನಂಬರಿನ ಉಪ್ಪುಕಾಗದದಲ್ಲಿ ಕ್ರಮವಾಗಿ ಉಜ್ಜಿ. ಒಳಗೆ ಕೊಬ್ಬರಿಯ ಚೂರು ಉಳಿದರೆ ಕಮಟು ವಾಸನೆ, ಇರುವೆ, ಬೂಷ್ಟು ಮೂರೂ ಬರುತ್ತವೆ. ಗುಂಡು ಮೈಮೇಲೆ ಡ್ರಿಲ್ ಜಾರುವುದರಿಂದ ಕಾಗದದ ಟೇಪು ಅಂಟಿಸಿ, 1.5 ಮಿ.ಮೀ.ನಲ್ಲಿ ಗುರಿ ತೂತು ಹಾಕಿ ಆಮೇಲೆ 3 ಮಿ.ಮೀ.ಗೆ ಹೋಗಿ. ಮೂರು ಕಣ್ಣುಗಳಲ್ಲಿ ಮೆತ್ತನೆಯದನ್ನು 10 ಮಿ.ಮೀ.ಗೆ ಹಿಗ್ಗಿಸಿದರೆ ದೀಪಗಳಿಗೆ ಬಳಸುವ ಟೊಳ್ಳು ಮರೆಕೊಳವೆ ಅದರಲ್ಲೇ ಕೂರುತ್ತದೆ.

ನೆರಳಿನ ಚಿತ್ತಾರಕ್ಕೆ ಕರಟಕ್ಕಿಂತ ಸೋರೆ ಬುರುಡೆ ಎಷ್ಟೋ ಪಾಲು ಮೇಲು: ದೊಡ್ಡದು, ಹಗುರ, ಕೊರೆಯಲು ಮೃದು. ಬೆಲೆ ತೆರಬೇಕಾದ್ದು ಕಾಯುವುದರಲ್ಲಿ. ಬಳ್ಳಿಯಲ್ಲೇ ಬಲಿತ ಕಾಯಿ ಗಾಳಿಯಾಡುವ ಕಡೆ ಒಣಗಲು 3ರಿಂದ 6 ತಿಂಗಳು ಬೇಕು, ಅಲ್ಲಾಡಿಸಿದರೆ ಬೀಜ ಗಲಗಲ ಎನ್ನಬೇಕು. ಒಣಗುವಾಗ ಹೊರಮೈಗೆ ಬೂಷ್ಟು ಬಂದರೆ ಗಾಬರಿ ಬೇಡ, ನೆನೆಸಿ ಉಜ್ಜಿದರೆ ಹೋಗುತ್ತದೆ. ಕೊಳೆತು ಮೆತ್ತಗಾದದ್ದನ್ನು ಮಾತ್ರ ಎಸೆಯಿರಿ. ಎರಡು ತೂತಿನ ನಡುವೆ ಕನಿಷ್ಠ ಒಂದು ತೂತಿನಷ್ಟು ಜಾಗ ಬಿಡಿ. ಒಳಗಿನ ಒಣ ತಿರುಳಿನ ಧೂಳು ಶ್ವಾಸಕ್ಕೆ ಕೆಟ್ಟದ್ದು, ಕೆರೆಯುವಾಗ ಮಾಸ್ಕ್ ಹಾಕಿಕೊಳ್ಳದೆ ಕೂರಬೇಡಿ.

ಮಣ್ಣಿಗೆ ಬೆಂಕಿಯ ಭಯವಿಲ್ಲ, ಹುಳುವಿನ ಭಯವಿಲ್ಲ. ಮೇಜಿನ ಮೇಲೆ ಬೆಳಕು ಸುರಿಯಲು ಒಳಗೆ ಬಿಳಿ ಬಳಿದ ಮಣ್ಣಿನ ಗಂಟೆಗೆ ಸಾಟಿಯಿಲ್ಲ. ಆದರೆ ಎರಡು ಲೆಕ್ಕ ತಪ್ಪಬಾರದು. ಒಣಗಿ, 900–1000 ಡಿಗ್ರಿಯಲ್ಲಿ ಸುಟ್ಟು ಬರುವಷ್ಟರಲ್ಲಿ ಮಣ್ಣು ಶೇಕಡ 8–12ರಷ್ಟು ಕುಗ್ಗುತ್ತದೆ. ಶೇ. 10 ಕುಗ್ಗುವ ಮಣ್ಣಿನಲ್ಲಿ 40 ಮಿ.ಮೀ. ತೂತು ಬೇಕಾದರೆ ಹಸಿಯಲ್ಲಿ 44.5 ಮಿ.ಮೀ. ಕೊರೆಯಬೇಕು. ಸುಟ್ಟ ಮೇಲೆ ಹೋಲ್ಡರ್ ಹೋಗಲಿಲ್ಲವೆಂದು ಉಜ್ಜಲು ಹೊರಟರೆ ಬಿರುಕು ಖಚಿತ. ಎರಡನೆಯದು ತೂಕ. 6 ಮಿ.ಮೀ. ಗೋಡೆಯ ದೊಡ್ಡ ಗಂಟೆ ಸುಲಭವಾಗಿ ಎರಡು ಕಿಲೋ ದಾಟುತ್ತದೆ.

ತೂಗಿಸುವುದು, ವೈರು

0.75 ಚದರ ಮಿ.ಮೀ. ವೈರಿನಲ್ಲಿ 3 ಕಿಲೋಗಿಂತ ಹೆಚ್ಚು ತೂಗಿಸಬಾರದು, 0.5ರದ್ದಾದರೆ 2 ಕಿಲೋ. ಮಣ್ಣಿನ ದೀಪಕ್ಕೆ ತೂಕ ಹೊರಲು ಬೇರೆ ಉಕ್ಕಿನ ಹಗ್ಗವೋ ಸರಪಳಿಯೋ ಇದ್ದು, ವೈರು ಸಡಿಲವಾಗಿ ಜೊತೆಗೆ ಬರುವುದೇ ಕ್ಷೇಮ. ಹಗುರ ದೀಪದಲ್ಲೂ ತೂಕ ಹೋಲ್ಡರ್‌ನ ತಿರುಪುಗಳ ಮೇಲೆ ಬೀಳಬಾರದು, ವೈರನ್ನು ಕಚ್ಚಿ ಹಿಡಿಯುವ ಕ್ಲಿಪ್ ಇರುವ ಹೋಲ್ಡರನ್ನೇ ಕೊಳ್ಳಿ. ಲೋಹ, ಮಣ್ಣು, ಕರಟದ ಅಂಚಿನಲ್ಲಿ ವೈರು ಹಾಯುವ ಕಡೆ ರಬ್ಬರ್ ಬುಶ್ ಹಾಕಿ. ಚಂದಕ್ಕೆಂದು ವೈರಿಗೆ ಸೆಣಬು ಸುತ್ತುವುದಾದರೆ ಒಳಗಿನದು ಹೊರಕವಚವಿರುವ ವೈರೇ ಆಗಿರಬೇಕು, ಒಂಟಿ ಪದರದ ಬಿಡಿ ವೈರಲ್ಲ. ಇ27 ಹೋಲ್ಡರ್‌ನಲ್ಲಿ ಫೇಸ್ ನಡುವಿನ ಬಿಂದುವಿಗೆ, ನ್ಯೂಟ್ರಲ್ ಮರೆಯ ಭಾಗಕ್ಕೆ. ಅದಲುಬದಲಾದರೆ ಬಲ್ಬ್ ಬದಲಿಸುವಾಗ ಮರೆ ಮುಟ್ಟಿದ ಕೈಗೆ ಶಾಕ್. ಲೋಹದ ಬಳೆ, ಚೌಕಟ್ಟು ಇದ್ದರೆ ಅರ್ಥಿಂಗ್ ತಪ್ಪಿಸಬೇಡಿ. ಚಾವಣಿಯ ಜೋಡಣೆಯನ್ನು ಎಲೆಕ್ಟ್ರಿಷಿಯನ್‌ಗೆ ಬಿಡಿ.

ಮೇಜಿನ ಮೇಲಿನ ದೀಪದ ಕೆಳ ಅಂಚು ಮೇಜಿನಿಂದ 70–80 ಸೆಂ.ಮೀ. ಎತ್ತರದಲ್ಲಿರಲಿ, ಓಡಾಡುವ ಕಡೆಯಾದರೆ ನೆಲದಿಂದ 2.1 ಮೀಟರ್. ಮೇಜಿಗೆ 600–800 ಲ್ಯೂಮೆನ್ ಬೇಕು, ಹಾಸಿಗೆಯ ಪಕ್ಕಕ್ಕೆ 250–400 ಸಾಕು. ಬಚ್ಚಲು, ಮಳೆ ಎರಚುವ ಜಗಲಿಗೆ ಇವುಗಳಲ್ಲಿ ಯಾವುದೂ ಬೇಡ. ಅಲ್ಲಿಗೆ ನೀರು ಹೋಗದಂತೆ ಮುಚ್ಚಿದ, ನೀರು, ಧೂಳು ಎಷ್ಟು ತಡೆಯುತ್ತದೆ ಎಂದು ತೋರಿಸುವ ಐಪಿ ಅಂಕ ನಮೂದಿಸಿದ ದೀಪವೇ ಬೇಕು.

ನಿತ್ಯ ಬಳಕೆಗೆ ಇಳಿಸುವ ಮುನ್ನ ಎರಡು ಪರೀಕ್ಷೆ ಮಾಡಿ. ಬಲ್ಬ್ ಹಾಕುವ ಮೊದಲು, ದೀಪದ ತೂಕದ ನಾಲ್ಕು ಪಟ್ಟು ಭಾರವನ್ನು ತೂಗುವ ಕೊಕ್ಕೆಗೆ ಒಂದು ಗಂಟೆ ನೇತುಹಾಕಿ ನೋಡಿ. ಆಮೇಲೆ, ನೀವು ಎದುರಿಗಿರುವಾಗಲೇ ನಾಲ್ಕು ಗಂಟೆ ಸತತ ಉರಿಸಿ. ಸ್ವಿಚ್ ಆರಿಸಿ, ಬಲ್ಬ್‌ನ ಬುಡಕ್ಕೆ ಹತ್ತಿರವಿರುವ ಸಾಮಗ್ರಿಯನ್ನು ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ, ಕೈ ಇಡಲಾಗದಿದ್ದರೆ ಸರಿಯಿಲ್ಲ. ಸುಟ್ಟ ವಾಸನೆ ಬಂದರೂ ಬಣ್ಣ ಕಂದಿದ್ದರೂ ವ್ಯಾಟ್ ಇಳಿಸಿ, ಇಲ್ಲವೇ ಮೇಲಿನ ಬಾಯಿ ಅಗಲಿಸಿ. ಅದಕ್ಕೂ ಬಗ್ಗದಿದ್ದರೆ ಶೇಡನ್ನೇ ದೊಡ್ಡ ಅಳತೆಯಲ್ಲಿ ಮತ್ತೆ ಮಾಡಬೇಕು.